ಕರೆಂಟಿಲ್ಲದ ಕಾರಂಜಿ

ಅಕ್ಟೋಬರ್ 4

ರಾತ್ರಿ ಎರಡು ಗಂಟೆ ನಲವತ್ತು ನಿಮಿಷ. ಎಬ್ಬಿಸಿದ್ದು ನನ್ನ ಮಗು ಗುಬ್ಬಿಯ ಅಳುವಲ್ಲ, ನೀರಿನ ಸದ್ದು. ಯಾರೋ ನಲ್ಲಿಯನ್ನು ಅರೆಬರೆ ತಿರುಗಿಸಿ ಮಲಗಲು ಹೋದ ಹಾಗೆ, ಸಣ್ಣಗೆ, ಸುರ್ರೆಂದು. ಎದ್ದು ಅಡುಗೆಮನೆಯ ನಲ್ಲಿ ನೋಡಿದೆ, ಬಚ್ಚಲಿನದು ನೋಡಿದೆ, ಹಿತ್ತಲಿನದು ನೋಡಿದೆ. ಮೂರೂ ಬಿಗಿಯಾಗಿದ್ದವು. ಗ್ಯಾಸನ್ನೂ ಮೂಸಿದೆ. ನೀರಿನ ಸದ್ದಿಗೂ ಗ್ಯಾಸಿಗೂ ಏನು ಸಂಬಂಧವೆಂದು ಯಾರೂ ಕೇಳುವ ಹಾಗಿಲ್ಲ, ಇದು ನನ್ನ ಪುಸ್ತಕ. ವಾಪಸು ಬಂದು ಗುಬ್ಬಿಯ ಮೂಗಿನ ಕೆಳಗೆ ಕೈಗನ್ನಡಿ ಹಿಡಿದೆ. ಮಂಜು ಕಟ್ಟಿತು. ಉಸಿರಾಡುತ್ತಿದ್ದಾಳೆ. ಹತ್ತು ನಿಮಿಷ ಬಿಟ್ಟು ಮತ್ತೆ ಹಿಡಿದೆ. ಆಗಲೂ ಉಸಿರಾಡುತ್ತಿದ್ದಳು.

ಈ ಪುಸ್ತಕ ಡಾಕ್ಟರಮ್ಮ ಬರೆಸುತ್ತಿರುವುದು. "ಭಯಗಳನ್ನೆಲ್ಲ ಹಾಳೆ ಮೇಲೆ ಇಳಿಸಿಬಿಡಿ, ತಲೆ ಹಗುರ ಆಗುತ್ತೆ, ನಿದ್ದೆ ಬರುತ್ತೆ" ಎಂದರು. ಹೆರಿಗೆಯಾಗಿ ನಾಲ್ಕು ತಿಂಗಳಾಯಿತು, ಒಂದು ರಾತ್ರಿಯೂ ಎರಡು ಗಂಟೆ ಒಟ್ಟಿಗೆ ಮಲಗಿಲ್ಲ. ಇವತ್ತಿನ ಭಯಗಳು ಇವು. ಫ್ಯಾನು ಕಳಚಿ ಬಿದ್ದರೆ? ಅತ್ತೆಯ ರವಿಕೆಯ ಗುಂಡಿ ಗುಬ್ಬಿಯ ಬಾಯಿಗೆ ಹೋದರೆ? ನಾನು ಪದವಿಗೆ ಕಲಿತದ್ದನ್ನೆಲ್ಲ ಮರೆತುಬಿಟ್ಟರೆ? ಈ ಸುರ್ರೆನ್ನುವ ಸದ್ದು ಏನು?

ಬರೆದಾಯಿತು. ನಿದ್ದೆ ಬರಲಿಲ್ಲ.

ಅಕ್ಟೋಬರ್ 5

ಸದ್ದು ಬರುತ್ತಿದ್ದದ್ದು ಹಿತ್ತಲ ಬೇಲಿಯ ಆಚೆಯ ಚರಂಡಿಯಿಂದ. ಬೆಳಿಗ್ಗೆ ಇವರು ಹಲ್ಲುಜ್ಜುವಾಗ ಹೇಳಿದೆ.

"ರೀ, ಹಿಂದಿನ ಚರಂಡೀಲಿ ನೀರು ಹರೀತಿದೆ."

"ಚರಂಡಿ ಅಂದ್ಮೇಲೆ ನೀರು ಹರಿಯುತ್ತೆ ಕಣೆ."

"ನಾವು ಬಂದು ಎರಡು ವರ್ಷ ಆಯ್ತು. ಒಂದಿನಾನೂ ಹರಿದಿಲ್ಲ. ನಿಮ್ಮಮ್ಮ ಅದರಲ್ಲಿ ಸೌದೆ ಒಣಗಿಸ್ತಾರೆ. ಅಣೆಕಟ್ಟಿಂದ ಸೋರ್ತಿದೆಯೇನೋ."

ಅತ್ತೆ ಒಳಗಿನಿಂದಲೇ ಉತ್ತರಿಸಿದರು. "ಮೊನ್ನೆ ಫ್ಯಾನ್ ಬೀಳುತ್ತೆ ಅಂದ್ಲು, ತೊಟ್ಟಿಲು ಸರಿಸಿದ್ವಿ. ನಿನ್ನೆ ಗೋಡೆ ಬೀಳುತ್ತೆ ಅಂದ್ಲು, ಮತ್ತೆ ಸರಿಸಿದ್ವಿ. ಇವತ್ತು ಅಣೆಕಟ್ಟು. ಇನ್ನು ತೊಟ್ಟಿಲು ಎಲ್ಲಿಗಪ್ಪಾ ಸರಿಸೋದು?"

ಇವರು ನೊರೆಬಾಯಲ್ಲೇ ನಕ್ಕರು. ನಗಲಿ. ಬೇಲಿಯಿಂದ ನೂರು ಹೆಜ್ಜೆಗೆ ಅಣೆಕಟ್ಟಿನ ಬುಡ. ಪೂರ್ತಿ ಮಣ್ಣಿನದು, ಬರುವ ತಿಂಗಳಿಗೆ ನೂರು ವರ್ಷ. ಆಚೆ ಬದಿಯಲ್ಲಿ ಹತ್ತಾಳೆತ್ತರದ ನೀರು, ಈಚೆ ಬದಿಯಲ್ಲಿ ನಮ್ಮ ಕ್ವಾರ್ಟರ್ಸು, ನಮಗಿಂತ ತಗ್ಗಿನಲ್ಲಿ ಕೆಳಪೇಟೆಯ ನಾನೂರು ಮನೆ. ಇವರು ಇಲ್ಲಿನ ಎಂಜಿನಿಯರು. ಎಲ್ಲರಿಗಿಂತ ಕಿರಿಯರು, ಹಾಗಾಗಿ ಕೆಲಸವೆಲ್ಲ ಇವರದು, ಸಹಿ ಮಾತ್ರ ದೊಡ್ಡ ಸಾಹೇಬರದು.

ಗುಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಕಾವಲಿನ ಅಜ್ಜನ ಬಳಿ ಹೋದೆ. ನಲವತ್ತು ವರ್ಷದಿಂದ ಇದೇ ಅಣೆಕಟ್ಟು ಕಾಯುವ ಮನುಷ್ಯ. ಚರಂಡಿಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು, ಬೊಗಸೆಯಲ್ಲಿ ನೀರು ಹಿಡಿದು ಬೆಳಕಿಗೆ ನೋಡಿದ.

"ಮಣ್ಣಿನ ಕಟ್ಟಡ ತಾಯಿ, ಸ್ವಲ್ಪ ನೀರು ಜಿನುಗೇ ಜಿನುಗ್ತದೆ. ತಿಳಿಯಾಗಿ ಬಂದ್ರೆ ಬರಲಿ ಬಿಡು. ಕದಡಿ ಬಂತೋ, ಒಳಗಿನ ಮಣ್ಣು ಹೊತ್ಕೊಂಡು ಬರ್ತಾ ಇದೆ ಅಂತ ಲೆಕ್ಕ. ಆಮೇಲೆ ಒಳಗೆಲ್ಲ ಟೊಳ್ಳು. ಮೇಲೆ ನೋಡೋರಿಗೆ ಹುಲ್ಲು ಚೆನ್ನಾಗೇ ಕಾಣ್ತದೆ."

"ಈಗ ಹೇಗಿದೆ?"

"ಈಗ ತಿಳಿ. ಎಷ್ಟು ಬರ್ತಾ ಇದೆ ಅಂತ ದಿನಾ ಅಳೀಬೇಕು. ಅಳೆಯೋ ತಗಡು ತುಕ್ಕು ಹಿಡಿದು ಬಿದ್ದು ಮೂರು ವರ್ಷ ಆಯ್ತು."

ನನ್ನ ಕೈಯಲ್ಲಿದ್ದದ್ದು ಗುಬ್ಬಿಯ ಹಾಲಿನ ಬಾಟಲಿ. ಕಲ್ಲುಸಂದಿಯಿಂದ ಬೀಳುವ ಧಾರೆಗೆ ಅದನ್ನೇ ಹಿಡಿದು ಎಣಿಸಿದೆ. ತುಂಬಲು ನಲವತ್ತು ಎಣಿಕೆ ಬೇಕಾಯಿತು. ಬಾಟಲಿಯನ್ನು ಮೂರು ಸಲ ಕುದಿಸಿದೆ.

ಅಕ್ಟೋಬರ್ 9

ನಲವತ್ತಲ್ಲ, ಮೂವತ್ತೇಳು. ನಿನ್ನೆಯೂ ಮೂವತ್ತೇಳು. ನನ್ನ ಎಣಿಕೆಯೇ ಗಡಿಬಿಡಿಯದಿರಬಹುದು.

ಇವರು ಆಫೀಸಿನ ರಿಜಿಸ್ಟರನ್ನು ಮನೆಗೆ ತಂದಿದ್ದರು. ಜಿನುಗು ನೀರಿಗೆಂದೇ ಒಂದು ಪುಟ ಇದೆ: ದಿನಾಂಕ, ಪ್ರಮಾಣ, ಬಣ್ಣ. ಬಣ್ಣದ ಕೆಳಗೆ ಸಾಲಾಗಿ ನೇರಳೆ ಶಾಯಿಯಲ್ಲಿ "ತಿಳಿ, ತಿಳಿ, ತಿಳಿ" ಎಂದು ಒತ್ತಿದ್ದರು. ದಿನಾ ಬರೆಯುವುದು ಬೇಸರವೆಂದು ಇಲಾಖೆ ರಬ್ಬರ್ ಸೀಲು ಮಾಡಿಸಿಕೊಟ್ಟಿದೆಯಂತೆ. ಡಿಸೆಂಬರ್ ಕೊನೆಯವರೆಗೂ ಒತ್ತಿ ಮುಗಿದಿತ್ತು.

"ಕದಡಿದ್ರೆ ಏನು ಮಾಡ್ತೀರಿ?"

"ಅದಕ್ಕೆ ಸೀಲಿಲ್ಲ."

"ಕೈಯಲ್ಲಿ ಬರೆಯಿರಿ."

"ಒಂದೇ ಪುಟದಲ್ಲಿ ಸೀಲೂ ಕೈಬರಹವೂ ಇದ್ರೆ ಆಡಿಟ್‌ನೋರು ತಿದ್ದಿದ್ದು ಅಂತಾರೆ ಕಣೆ. ನಿಂಗೊತ್ತಾಗಲ್ಲ."

ನನಗೆ ಗೊತ್ತಾಗಲಿಲ್ಲ. ನಾನು ಓದಿದ್ದು ಬರೀ ಭೌತಶಾಸ್ತ್ರ.

ಅಕ್ಟೋಬರ್ 13

ದೊಡ್ಡ ಸಾಹೇಬರು ಬಂದಿದ್ದರು. ಶತಮಾನೋತ್ಸವ ನವೆಂಬರ್ 12ಕ್ಕೆ ಗೊತ್ತಾಗಿದೆ. ಮಂತ್ರಿಗಳು ಬರುತ್ತಾರೆ, ದೋಣಿಯಲ್ಲಿ ಕೂರುತ್ತಾರೆ, ಶಾಲೆಯ ಮಕ್ಕಳು ಏರಿಯ ಮೇಲೆ ಸಾಲಾಗಿ ನಿಂತು ಬಾವುಟ ಬೀಸುತ್ತಾರೆ. ಅದಕ್ಕೆ ಅಣೆಕಟ್ಟಿನ ರಿಪೇರಿಗೆಂದು ಬಂದಿದ್ದ ಹಣದಲ್ಲಿ ಈಚೆಯ ಇಳಿಜಾರಿಗೆಲ್ಲ ಹುಲ್ಲು ಹಾಕಿಸಿದ್ದಾರೆ. ನೀರು ಚಿಮ್ಮಿಸುವ ಪೈಪುಗಳು ದಿನವಿಡೀ ಸುತ್ತುತ್ತವೆ.

ನಮ್ಮ ಹಿತ್ತಲ ನೇರಕ್ಕೆ, ಬುಡದಲ್ಲಿ, ಹುಲ್ಲಿನ ಒಂದು ಭಾಗ ಮಾತ್ರ ಕಡುಹಸಿರಾಗಿ ಮೊಣಕಾಲೆತ್ತರ ಬೆಳೆದಿದೆ. ಸಾಹೇಬರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅವರ ಬೂಟು ಪಚಕ್ಕೆಂದು ಹೂತುಹೋಯಿತು. ನಾನು ಬೇಲಿಯ ಈಚೆ ನಿಂತಿದ್ದವಳು ಬಾಯಿ ತಡೆಯಲಾರದೆ ಹೇಳಿದೆ.

"ಸರ್, ಅಲ್ಲಿ ಒಳಗಿನಿಂದ ಸೋರ್ತಾ ಇರಬಹುದು."

ಇವರ ಮುಖ ಸುಣ್ಣದಂತಾಯಿತು. ಸಾಹೇಬರು ಮಾತ್ರ ನಕ್ಕರು. "ನೋಡಮ್ಮಾ, ಸೋರಿಕೆ ಅನ್ನೋ ಪದಾನೇ ನಮ್ಮ ಇಲಾಖೇಲಿಲ್ಲ. ತೇವಾಂಶ ಅನ್ನು. ಇದು ಪೈಪಿನ ನೀರು ಇಳಿದು ನಿಂತಿರೋ ತೇವಾಂಶ."

"ಹಾಗಾದ್ರೆ ಪೈಪು ಒಂದೈದು ದಿನ ನಿಲ್ಲಿಸಿ ನೋಡಬಹುದಲ್ವಾ ಸರ್? ಪೈಪಿನದಾದ್ರೆ ಅಲ್ಲೂ ಒಣಗುತ್ತೆ."

ಅವರು ಇವರ ಕಡೆ ತಿರುಗಿದರು. "ಒಳ್ಳೇ ಐಡಿಯಾ ಕಣ್ರೀ. ನೀರಿನ ಉಳಿತಾಯ ಅಂತ ಫೈಲಲ್ಲಿ ಹಾಕಿ."

ರಾತ್ರಿ ಇವರು ನನ್ನ ಜೊತೆ ಮಾತಾಡಲಿಲ್ಲ. ಗುಬ್ಬಿಗೆ ಶೀತ. ಕನ್ನಡಿ ಏಳು ಸಲ.

ಅಕ್ಟೋಬರ್ 19

ಪೈಪು ನಿಲ್ಲಿಸಿ ಆರು ದಿನ. ಉಳಿದ ಹುಲ್ಲೆಲ್ಲ ಒಣಗಿ ಚಾಪೆಯಾಗಿದೆ. ಆ ಒಂದು ಭಾಗ ಮಾತ್ರ ಮೊದಲಿಗಿಂತ ಹಸಿರು.

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಎಂದುಕೊಂಡು ಇವರನ್ನು ಎಳೆದುಕೊಂಡು ಹೋಗಿ ತೋರಿಸಿದೆ. ಇವರು ಬಗ್ಗಿ ಹುಲ್ಲಿನ ಬುಡ ಮುಟ್ಟಿ ನೋಡಿದರು. "ನೀನು ಹೇಳಿದ್ದು ಸರಿ" ಎಂದರು. ಮದುವೆಯಾಗಿ ಮೂರು ವರ್ಷಕ್ಕೆ ಮೊದಲ ಸಲ. ಅಲ್ಲೇ ನಿಂತು ವರದಿ ಬರೆದು ಕಳಿಸಿದರು.

ಸಂಜೆ ಉತ್ತರ ಬಂತು. ನೀರಿಲ್ಲದೆ ಬೆಳೆಯುವ ಹುಲ್ಲಿನ ತಳಿಯನ್ನು ಗುರುತಿಸಿದ್ದಕ್ಕೆ ಪ್ರಶಂಸಾಪತ್ರ. ಆ ಹುಲ್ಲನ್ನೇ ಕಿತ್ತು ಉಳಿದ ಕಡೆಗೂ ನೆಡಬೇಕೆಂಬ ಸೂಚನೆ.

ಅತ್ತೆ ಪ್ರಶಂಸಾಪತ್ರಕ್ಕೆ ಚೌಕಟ್ಟು ಹಾಕಿಸಬೇಕೆಂದರು.

ಅಕ್ಟೋಬರ್ 22

ಬಾಟಲಿ: 31. ಬಣ್ಣ: ತಿಳಿ. ಹಾಲಿಗೆ ಬೇರೆ ಬಾಟಲಿ ಕೊಂಡೆ.

ಅಕ್ಟೋಬರ್ 25

ಹುಲ್ಲು ಕಿತ್ತ ಜಾಗದಲ್ಲಿ ನೀರು ಗುಳುಗುಳು ಎಂದು ಉಕ್ಕುತ್ತಿದೆ, ಹಾಲು ಕುದಿ ಬರುವ ಮೊದಲು ನಡುವೆ ಅಲ್ಲಾಡುತ್ತದಲ್ಲ, ಹಾಗೆ. ಸುತ್ತ ಸಣ್ಣ ಮರಳಿನ ಬಳೆ ಕಟ್ಟಿಕೊಂಡಿದೆ. ಅಜ್ಜ ಅದನ್ನು ಕಂಡದ್ದೇ ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಇವರು ಫೋನು ಮಾಡಿದರು, ಸಾಹೇಬರು ಓಡಿ ಬಂದರು. ಓಡಿ ಬಂದದ್ದು ನೋಡಿ ನನಗೆ ಅರ್ಧ ಜೀವ ಬಂದಿತ್ತು. ಅವರು ಉಕ್ಕುವ ನೀರನ್ನು ಎಲ್ಲ ಕಡೆಯಿಂದ ನೋಡಿ, ಕಣ್ಣರಳಿಸಿ, "ಮೋಟಾರಿಲ್ಲ, ಕರೆಂಟಿಲ್ಲ! ಇಲ್ಲೊಂದು ಕಾರಂಜಿ ಮಾಡಿಸ್ರೀ!" ಎಂದರು.

"ಸರ್, ಸಿಮೆಂಟ್ ಹಾಕಿ ಮುಚ್ಚಿದ್ರೆ ನೀರು ಬೇರೆ ಕಡೆ ದಾರಿ ಮಾಡ್ಕೊಳುತ್ತೆ" ಎಂದರು ಇವರು. ಸಾಹೇಬರಿಗೆ ಎದುರಾಡಿದ್ದು ಇದೇ ಮೊದಲು.

"ಮುಚ್ತಿಲ್ಲ ಕಣಯ್ಯ, ಪೈಪ್ ಇಡ್ತಿದೀವಲ್ಲ. ಅಣೆಕಟ್ಟು ಕಟ್ಟಿದ ದೊಡ್ಡೋರಿಗೇ ಹೊಳೀಲಿಲ್ಲ ನೋಡು ಇದು."

ಸಂಜೆಯೊಳಗೆ ಸಿಮೆಂಟ್ ಕಲಸಿದ್ದಾಯಿತು. ಈ ಇಲಾಖೆಯಲ್ಲಿ ಒಂದು ಕೆಲಸ ಅದೇ ದಿನ ಆಗಿದ್ದು ನಾನು ಕಂಡಿರಲಿಲ್ಲ.

ಅಕ್ಟೋಬರ್ 31

ಕಾರಂಜಿ ಮೊದಲ ದಿನ ಪಾದದೆತ್ತರಕ್ಕೆ ಚಿಮ್ಮಿತ್ತು. ಈಗ ಮೊಣಕಾಲು. ಕೆಳಪೇಟೆಯವರು ಸಂಜೆ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ, ನೀರು ಎತ್ತರಕ್ಕೆ ಹಾರಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಾರೆ. ನಾನು ಹಿತ್ತಲಲ್ಲಿ ಕೂತು ಒಂದೊಂದು ಚಪ್ಪಾಳೆಗೂ ಬೆಚ್ಚುತ್ತೇನೆ.

ಚರಂಡಿಯ ನೀರನ್ನು ದಿನಕ್ಕೊಂದು ಗಾಜಿನ ಸೀಸೆಯಲ್ಲಿ ಹಿಡಿದು, ದಿನಾಂಕದ ಚೀಟಿ ಅಂಟಿಸಿ, ಅಡುಗೆಮನೆಯ ಕಿಟಕಿಯಲ್ಲಿ ಇಡುತ್ತಿದ್ದೇನೆ. ರಾತ್ರಿ ಕಳೆದರೆ ಮಣ್ಣು ತಳಕ್ಕೆ ಕೂರುತ್ತದೆ. 28ರ ಸೀಸೆಯಲ್ಲಿ ಏನೂ ಇಲ್ಲ. 29ರಲ್ಲಿ ಉಗುರಿನ ದಪ್ಪ. 30ರಲ್ಲಿ ಎರಡು ಉಗುರು.

ಅತ್ತೆ ಅದರಲ್ಲೊಂದನ್ನು ಗುಬ್ಬಿಯ ಔಷಧಿಯೆಂದುಕೊಂಡು ಚಮಚ ಹುಡುಕುತ್ತಿದ್ದರು. ಕಿರುಚಿದೆ. ಅವರೂ ಕಿರುಚಿದರು. ಗುಬ್ಬಿ ಇಬ್ಬರಿಗಿಂತ ಜೋರಾಗಿ ಕಿರುಚಿದಳು. ಆಮೇಲೆ ಅತ್ತೆಯನ್ನು ಕೂರಿಸಿಕೊಂಡು ಮೂರೂ ಸೀಸೆ ಬೆಳಕಿಗೆ ಹಿಡಿದು ತೋರಿಸಿದೆ.

"ಈ ಮಣ್ಣು ಎಲ್ಲಿಂದ ಬಂತು?" ಎಂದರು.

"ಅಣೆಕಟ್ಟಿನ ಹೊಟ್ಟೆಯಿಂದ ಅತ್ತೆ."

ಅವರು ಎದ್ದರು. ಹೋಗಿ ಗೋಡೆಯಲ್ಲಿದ್ದ ಪ್ರಶಂಸಾಪತ್ರವನ್ನು ಇಳಿಸಿ ಮಂಚದ ಕೆಳಗೆ ಇಟ್ಟರು.

ಇವರು 30ರ ಸೀಸೆಯನ್ನು ಆಫೀಸಿಗೆ ಒಯ್ದಿದ್ದಾರೆ. ಪ್ರಯೋಗಶಾಲೆಗೆ ಕಳಿಸುತ್ತಾರಂತೆ.

ನವೆಂಬರ್ 3

ಬಾಟಲಿ: 19. ಬಣ್ಣ: ಹಾಲು ಕಡಿಮೆ ಹಾಕಿದ ಚಹಾ. ಕಾರಂಜಿ: ತೊಡೆ.

ನವೆಂಬರ್ 5

ಪ್ರಯೋಗಶಾಲೆಯ ವರದಿ ಬಂತು. "ಕುದಿಸಿ ಆರಿಸಿದಲ್ಲಿ ಕುಡಿಯಲು ಯೋಗ್ಯ." ಕುಡಿಯುವ ನೀರಿನ ಪರೀಕ್ಷೆ ಬಿಟ್ಟು ಬೇರೆ ಪರೀಕ್ಷೆಗೆ ಅವರಲ್ಲಿ ಅರ್ಜಿಯ ನಮೂನೆಯೇ ಇಲ್ಲವಂತೆ. ವರದಿಯನ್ನು ದೊಡ್ಡದು ಮಾಡಿಸಿ ಕಾರಂಜಿಯ ಪಕ್ಕ ನೆಟ್ಟಿದ್ದಾರೆ.

ಕಾರಂಜಿಯ ನೀರೂ ಕಂದುಬಣ್ಣಕ್ಕೆ ತಿರುಗಿದೆ. ಅದು ಸಾಹೇಬರ ಕಣ್ಣಿಗೂ ಬಿತ್ತು. ನಾಲ್ಕು ದಿಕ್ಕಿಗೆ ನಾಲ್ಕು ಗುಲಾಬಿ ದೀಪ ಹಾಕಿಸಿದರು. ಈಗ ಮಣ್ಣು ಗುಲಾಬಿಯಾಗಿ ಹಾರುತ್ತಿದೆ. ಕರೆಂಟಿಲ್ಲದ ಕಾರಂಜಿಗೆ ಕರೆಂಟು ಬಂತು.

ಇವರು ಮನೆಗೆ ಬಂದವರೇ ಬೂಟು ಬಿಚ್ಚದೆ ಕೂತರು. "ಬಾಯಿ ಮುಚ್ಕೊಂಡಿರು, ಇಲ್ಲಾಂದ್ರೆ ಗುಡ್ಡಗಾಡಿಗೆ ವರ್ಗ ಮಾಡ್ತೀನಿ ಅಂದ್ರು ಕಣೆ."

"ಗುಡ್ಡ ಎತ್ತರದಲ್ಲಿರುತ್ತಲ್ವಾ? ಹೂಂ ಅನ್ನಬೇಕಿತ್ತು."

ನನಗೇ ಗೊತ್ತಿಲ್ಲದೆ ನಕ್ಕುಬಿಟ್ಟೆ. ಅವರೂ ನಕ್ಕರು. ಅದರ ಹಿಂದೆಯೇ ಅತ್ತಂತಾಯಿತು, ಇಬ್ಬರಲ್ಲಿ ಯಾರು ಎಂದು ಬರೆಯುವುದಿಲ್ಲ.

ನವೆಂಬರ್ 7

ಇವತ್ತು ಒಳ್ಳೆಯ ದಿನ, ಮೂರು ಗಂಟೆಯವರೆಗೆ.

ಚರಂಡಿಯ ಪಕ್ಕ ಹೊಸದಾಗಿ ಒಂದು ಕಡೆ ಕೆಸರು ಉಕ್ಕುತ್ತಿತ್ತು. ಬಾಟಲಿಗೆ ಹನ್ನೆರಡು ಎಣಿಕೆ. ಅಜ್ಜ ಹೇಳಿದ, "ಬಾಯಿ ಮುಚ್ಚೋದಲ್ಲ ತಾಯಿ, ಸೋಸೋದು. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ. ನೀರು ಬರಲಿ, ಮಣ್ಣು ಒಳಗೇ ಇರಲಿ."

"ಚಹಾ ಸೋಸಿದ ಹಾಗೆ" ಎಂದರು ಅತ್ತೆ.

"ಹಾಗೇ ಅಮ್ಮ."

"ಅಷ್ಟು ಹೇಳೋಕೆ ಇವರಿಗೆಲ್ಲ ಎಂಜಿನಿಯರ್ ಓದು ಬೇಕಾ?" ಎಂದು ಸೆರಗು ಸಿಕ್ಕಿಸಿ ಎದ್ದೇಬಿಟ್ಟರು. ತೊಟ್ಟಿಲನ್ನು ಬೇಲಿಯ ಬಳಿ ನೆರಳಿಗೆ ತಂದಿಟ್ಟೆವು. ಅತ್ತೆ ಬಕೆಟ್ಟಿನಲ್ಲಿ ಮರಳು ಹೊತ್ತರು, ನಾನು ಬಾಂಡಲಿಯಲ್ಲಿ ಜಲ್ಲಿ ಹೊತ್ತೆ, ಅಜ್ಜ ಹರಡಿದ. ಊಟದ ಹೊತ್ತಿಗೆ ಉಕ್ಕುವ ನೀರು ತಿಳಿಯಾಯಿತು. ನಾನು ಸೀಸೆ ಹಿಡಿದು ಕೂಗಿದೆ. ಅತ್ತೆ ಮರಳುಗೈಯಲ್ಲೇ ನನ್ನ ಕೆನ್ನೆ ಹಿಂಡಿದರು. ಗುಬ್ಬಿ ತೊಟ್ಟಿಲಲ್ಲಿ ಮೂರು ಗಂಟೆ ಸುಮ್ಮನೆ ನಿದ್ದೆ ಮಾಡಿದ್ದಳು, ಯಾರಿಗೂ ನೆನಪೇ ಇರಲಿಲ್ಲ.

ಮೂರು ಗಂಟೆಗೆ ಸಾಹೇಬರ ಜೀಪು, ಹಿಂದಿನ ಸೀಟಿನಲ್ಲಿ ಇವರು.

"ಇದೇನ್ರೀ ಕಸದ ರಾಶಿ? ಮಂತ್ರಿಗಳು ಬರೋ ದಾರೀಲಿ?"

ಇವರು ವಿವರಿಸಿದರು, ಅಜ್ಜ ಕೈ ಮುಗಿದ, ಅತ್ತೆ ಕೂಡ ಚಹಾದ ಉದಾಹರಣೆ ಕೊಟ್ಟರು. ಐದು ಗಂಟೆಗೆ ಲಾರಿ ಬಂದು ಮರಳು ಜಲ್ಲಿ ಎಲ್ಲ ಬಾಚಿಕೊಂಡು ಹೋಯಿತು. ಮರಳನ್ನು ವೇದಿಕೆಯ ಮುಂದಿನ ದಾರಿಗೆ ಹರಡಿದ್ದಾರೆ, ಮಂತ್ರಿಗಳ ಬೂಟಿಗೆ ಕೆಸರಾಗದಿರಲೆಂದು.

ಅತ್ತೆ ರಾತ್ರಿ ಊಟ ಮಾಡಲಿಲ್ಲ. ತಟ್ಟೆ ಸರಿಸಿ ಮಗನಿಗೆ ಹೇಳಿದರು, "ನಿನ್ನನ್ನ ಓದಿಸಿದ್ದು ಹೂಂ ಅನ್ನೋದು ಕಲೀಲಿ ಅಂತಲ್ಲ."

ನವೆಂಬರ್ 9

ನೀರಿನ ಮಟ್ಟ ಇಳಿಸಿದರೆ ಒತ್ತಡ ಇಳಿಯುತ್ತದೆ. ಇದಕ್ಕೆ ಎಂಜಿನಿಯರಿಂಗೂ ಬೇಡ, ಭೌತಶಾಸ್ತ್ರವೂ ಬೇಡ. ತೂಬು ಎತ್ತಿ ನೀರು ಹೊಳೆಗೆ ಬಿಟ್ಟರಾಯಿತು. ಆದರೆ ನೀರಿಳಿದರೆ ಮಂತ್ರಿಗಳ ದೋಣಿ ಮೆಟ್ಟಿಲಿಗೆ ಮುಟ್ಟುವುದಿಲ್ಲ.

ಇವರಿಗೆ ಹೇಳಿದೆ, "ರಾತ್ರಿ ನೀವೇ ಹೋಗಿ ತೂಬಿನ ಚಕ್ರ ತಿರುಗಿಸಿ. ಕೇಳಿದ್ರೆ ತುಕ್ಕು ಪರೀಕ್ಷೆ ಮಾಡ್ದೆ ಅನ್ನಿ."

ಇವರು ಬಾಯಿ ತೆರೆದು ನನ್ನನ್ನೇ ನೋಡಿದರು. ಏನು ಅಂಥ ದೊಡ್ಡ ಮಾತು ಹೇಳಿದೆ? ಎರಡು ನಿಮಿಷ ಬಿಟ್ಟು ಟಾರ್ಚು ತೆಗೆದುಕೊಂಡು ಹೊರಟರು. ಅರ್ಧ ಗಂಟೆಗೆ ವಾಪಸು ಬಂದರು. ಚಕ್ರವೇ ಇಲ್ಲ. ನೂರು ವರ್ಷದ ಚಕ್ರವೆಂದು ಬಿಚ್ಚಿ ನಗರಕ್ಕೆ ಒಯ್ದಿದ್ದಾರೆ, ಚಿನ್ನದ ಬಣ್ಣ ಬಳಿಸಲು. 12ರ ಬೆಳಿಗ್ಗೆ ಮಂತ್ರಿಗಳ ಕಾರಿನ ಹಿಂದೆಯೇ ಬರುತ್ತದಂತೆ, ಅವರೇ ಅದನ್ನು ತಿರುಗಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಬಾಟಲಿ: 9. ಕಾರಂಜಿ: ಸೊಂಟ.

ನವೆಂಬರ್ 10

ಬೆಳಿಗ್ಗೆ ಎದ್ದು ನೋಡಿದರೆ ಕಾರಂಜಿ ಮೊಣಕಾಲಿಗೆ ಇಳಿದಿದೆ. ನನಗೆ ಗಾಬರಿಯಾಯಿತು. ನೀರು ಬತ್ತಿಲ್ಲ, ಬೇರೆ ದಾರಿ ಹಿಡಿದಿದೆ. ಹಾಗಾದರೆ ಎಲ್ಲಿಂದ ಬರುತ್ತಿದೆ?

ಸಾಹೇಬರಿಗೂ ಗಾಬರಿಯಾಗಿತ್ತು, ಬೇರೆ ಕಾರಣಕ್ಕೆ. "ನಾಡಿದ್ದು ಕಾರ್ಯಕ್ರಮ, ಕಾರಂಜಿ ಹೀಗೆ ಮಲಗಿಬಿಟ್ರೆ ನನ್ನ ಮಾನ ಏನಾಗಬೇಕು? ನೀರಿನ ಮಟ್ಟ ಏರಿಸ್ರೀ, ತಾನೇ ಏಳುತ್ತೆ!" ಹೆಚ್ಚಾದ ನೀರು ಹೊರಗೆ ಹರಿದುಹೋಗುವ ಕೋಡಿಗೆ ಅಡ್ಡಲಾಗಿ ಹಲಗೆ ಜೋಡಿಸಿದರು. ಮೇಲಿನ ಗುಡ್ಡದಲ್ಲಿ ಮೂರು ದಿನದಿಂದ ಮಳೆ. ಮಧ್ಯಾಹ್ನದೊಳಗೆ ನೀರು ಒಂದು ಗೇಣು ಏರಿತು.

ಅಜ್ಜನೂ ನಾನೂ ಏರಿಯ ಬುಡದುದ್ದಕ್ಕೂ ನಡೆದು ಹುಡುಕಿದೆವು. ಸಿಕ್ಕಿತು, ವೇದಿಕೆಯ ಹಲಗೆಗಳ ಕೆಳಗೆ. ತೆವಳಿಕೊಂಡು ಒಳಗೆ ಹೋಗಿ ಬಾಟಲಿ ಹಿಡಿದೆ. ಮೂರು ಎಣಿಸುವಷ್ಟರಲ್ಲಿ ತುಂಬಿತು. ನೀರಲ್ಲ, ಗಂಜಿ.

ಇವರು ಸಾಹೇಬರ ಬಳಿ ಓಡಿದರು. ವೇದಿಕೆಯನ್ನು ಹತ್ತಡಿ ಪಕ್ಕಕ್ಕೆ ಸರಿಸಲು ಒಪ್ಪಿಗೆ ಸಿಕ್ಕಿದೆ.

ನವೆಂಬರ್ 11, ಸಂಜೆ

ಏರಿಯ ನೆತ್ತಿಯಲ್ಲಿ ಒಂದು ಕಡೆ ಮಣ್ಣು ತಟ್ಟೆಯಷ್ಟಗಲ ಕುಸಿದಿದೆ. ಬೆಳಿಗ್ಗೆ ಇರಲಿಲ್ಲ. ಅದಕ್ಕೆ ಹೂಕುಂಡ ಇಟ್ಟಿದ್ದಾರೆ. ಆರು ಗಂಟೆಗೆ ನಾನು ಕೋಲಿನಿಂದ ಅಳೆದಾಗ ಕುಂಡ ಮಣ್ಣಿನಲ್ಲಿ ಅರ್ಧ ಮುಳುಗಿತ್ತು.

ಸಾಹೇಬರು ನಗರಕ್ಕೆ ಮಂತ್ರಿಗಳನ್ನು ಕರೆತರಲು ಹೋಗಿದ್ದಾರೆ, ಫೋನು ಎತ್ತುತ್ತಿಲ್ಲ. ಇನ್ನೊಂದು ಚಕ್ರ ಇರುವುದು ಜಿಲ್ಲೆಯ ನಿಯಂತ್ರಣ ಕೊಠಡಿಯ ತುರ್ತು ಲಾರಿಯಲ್ಲಿ ಮಾತ್ರ. ಇವರು ಅಲ್ಲಿಗೆ ಮೂರು ಸಲ ಫೋನು ಮಾಡಿದರು, ಅಲ್ಲಿನವರು ಮೇಲಧಿಕಾರಿಯ ಪತ್ರ ಬೇಕೆಂದರು. ನಾನು ಮಾಡಿದೆ.

"ಅಣೆಕಟ್ಟಿನ ಬುಡದಲ್ಲಿ ಕೆಸರು ನೀರು ಉಕ್ತಾ ಇದೆ. ಬಾಟಲಿಗೆ ಎರಡು ಎಣಿಕೆ."

"ಯಾವ ಬಾಟಲಿ ಮೇಡಂ?"

"ಮಗು ಹಾಲಿನ ಬಾಟಲಿ."

"ತಾವು ಯಾರು?"

"ಇಲ್ಲಿನ ಎಂಜಿನಿಯರ್ ಹೆಂಡತಿ."

"ಹಾಗಾದ್ರೆ ಇದು ದೂರಲ್ಲ ಮೇಡಂ, ಮನೆ ಮಾತು. ಸಾರ್ವಜನಿಕರು ಮಾಡಬೇಕು. ಒಬ್ಬರು ಮಾಡಿದ್ರೆ ಅನಿಸಿಕೆ ಅಂತ ಬರ್ಕೋತೀವಿ. ಹತ್ತು ಮನೆಯವರು ಬೇರೆ ಬೇರೆ ಮಾಡಿದ್ರೆ ಘಟನೆ. ಘಟನೆ ಆದ್ರೆ ಲಾರಿ ತಾನಾಗೇ ಹೊರಡುತ್ತೆ, ಯಾರ ಸಹೀನೂ ಬೇಡ."

"ನೀವೇ ಹತ್ತು ಸಲ ಬರ್ಕೊಳ್ಳಿ ಸ್ವಾಮಿ."

"ಬೇರೆ ಬೇರೆ ನಂಬರಿಂದ ಬರಬೇಕು ಮೇಡಂ." ಪಾಪ, ದನಿ ತಗ್ಗಿಸಿ ಸೇರಿಸಿದ, "ಲಾರಿ ಅಲ್ಲಿಗೆ ಬರೋಕೆ ಮೂರು ಗಂಟೆ ಬೇಕು. ಬೇಗ ಮಾಡಿಸಿ."

ಅತ್ತೆಗೆ ಗುಬ್ಬಿಯನ್ನು ಕೊಟ್ಟು ಗುಡ್ಡದ ಶಾಲೆಗೆ ಕಳಿಸಿದೆ. ಅತ್ತೆ ಗೇಟಿನ ತನಕ ಹೋಗಿ ತಿರುಗಿ ನೋಡಿದರು. "ನೀನು?" ಎಂದರು. "ನಾನು ಕೆಳಪೇಟೆಗೆ" ಎಂದೆ. ಇವರಿಗೂ ಅಜ್ಜನಿಗೂ ಕೋಡಿಯ ಹಲಗೆ ಕೀಳಲು ಹೇಳಿದ್ದೇನೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಿರಿ ಎಂದಿದ್ದೇನೆ. ಹಲಗೆ ಹೋದರೆ ಒಂದು ಗೇಣು ಇಳಿಯುತ್ತದೆ. ಅದು ಸಾಲದು, ಆದರೆ ಒಂದೆರಡು ಗಂಟೆ ಸಿಗಬಹುದು.

ಅದೇ ದಿನ, ರಾತ್ರಿ

ಮೂವತ್ತು ಬಾಗಿಲು ಬಡಿದೆ. ಹತ್ತು ತೆರೆದವು. ನಾಲ್ವರು ನನ್ನೆದುರಿಗೇ ಫೋನು ಮಾಡಿದರು, ಪುಣ್ಯಾತ್ಮರು. ಒಬ್ಬರು "ಬೆಳಿಗ್ಗೆ ಕಾರ್ಯಕ್ರಮಕ್ಕೆ ಬರ್ತೀವಲ್ಲ, ಆಗ ಸಾಹೇಬ್ರಿಗೇ ಹೇಳಿದ್ರಾಯ್ತು" ಎಂದರು. ಉಳಿದವರು, ಹೆರಿಗೆಯಾದಾಗಿನಿಂದ ನಿದ್ದೆಯಿಲ್ಲದ ಎಂಜಿನಿಯರ್ ಹೆಂಡತಿಯ ವಿಷಯ ಕೇಳಿದ್ದಾರಂತೆ, ನೀರು ಕುಡಿಸಿ ಕಳಿಸಿದರು. ಹೀಗೆ ಒಂದೊಂದೇ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರೆ ಬೆಳಗಾಗುತ್ತದೆ. ಬೀದಿಯ ಕೊನೆಯ ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಕೂತು ಈ ಪುಸ್ತಕದ ಖಾಲಿ ಹಾಳೆಗಳನ್ನೆಲ್ಲ ಹರಿದಿದ್ದೇನೆ. ಅರವತ್ತೆರಡು ಹಾಳೆ ಇವೆ. ಇದು ಮೊದಲನೆಯದು, ಉಳಿದವಕ್ಕೂ ಇದನ್ನೇ ನಕಲು ಮಾಡುತ್ತೇನೆ.

ಕೆಳಪೇಟೆಯವರೇ,

ಈಗ ನಿಮ್ಮ ಬಾಗಿಲನ್ನು ಜೋರಾಗಿ ಬಡಿದು ಓಡಿದವಳು ನಾನೇ. ಇಷ್ಟು ಹೊತ್ತಿಗೆ ಪಕ್ಕದ ಬಾಗಿಲು ಬಡಿಯುತ್ತಿರುತ್ತೇನೆ. ಬೈದುಕೊಳ್ಳಿ, ಆದರೆ ದೀಪ ಹಾಕಿ ಓದಿ.

ನಿಮ್ಮ ಮನೆಯ ಮೇಲಿರುವ ಅಣೆಕಟ್ಟು ಒಳಗಿನಿಂದ ಕರಗುತ್ತಿದೆ. ನೀವು ಚಪ್ಪಾಳೆ ತಟ್ಟಿದ ಕಾರಂಜಿ ಅದರ ಗಾಯ. ನನ್ನ ಮಾತು ನಂಬಬೇಡಿ, ವೇದಿಕೆ ಇದ್ದ ಜಾಗಕ್ಕೆ ಒಬ್ಬರನ್ನು ಟಾರ್ಚು ಕೊಟ್ಟು ಕಳಿಸಿ ನೋಡಿ. ಆದರೆ ಅವರು ವಾಪಸು ಬರುವ ತನಕ ಕಾಯಬೇಡಿ.

ತೂಬು ಎತ್ತುವ ಚಕ್ರ ನಿಯಂತ್ರಣ ಕೊಠಡಿಯ ಲಾರಿಯಲ್ಲಿದೆ. ಲಾರಿ ಹೊರಡಲು ಹತ್ತು ಮನೆಯ ಫೋನು ಬೇಕು. ನಾಲ್ಕು ಆಗಿದೆ, ಆರು ಬಾಕಿ. ಪಕ್ಕದವರು ಮಾಡಿರುತ್ತಾರೆ ಎಂದುಕೊಳ್ಳಬೇಡಿ, ಪಕ್ಕದವರೂ ಈಗ ನಿಮ್ಮನ್ನು ನೆನೆದು ಹಾಗೇ ಅಂದುಕೊಳ್ಳುತ್ತಿದ್ದಾರೆ. ನಂಬರನ್ನು ಹಾಳೆಯ ಹಿಂದೆ ದೊಡ್ಡದಾಗಿ ಬರೆದಿದ್ದೇನೆ. ಹೆಸರು ಕೇಳುತ್ತಾರೆ, ಹೇಳಿ. ಕಣ್ಣಾರೆ ಕಂಡಿರಾ ಎಂದು ಕೇಳುತ್ತಾರೆ, ಕಂಡವಳು ಬರೆದುಕೊಟ್ಟಿದ್ದಾಳೆ ಎನ್ನಿ. "ತೇವಾಂಶವಾ?" ಎಂದು ಕೇಳಿದರೆ ಒಪ್ಪಬೇಡಿ. ಕೆಸರು ನೀರು, ಎರಡು ಎಣಿಕೆಗೆ ಒಂದು ಬಾಟಲಿ, ಏರಿಯ ನೆತ್ತಿ ಕುಸಿದಿದೆ. ಇಷ್ಟೇ ಹೇಳಿ, ಅವರು ಬರೆದುಕೊಂಡೆ ಎನ್ನುವ ತನಕ ಫೋನು ಇಡಬೇಡಿ. ಆಮೇಲೆ ಮಕ್ಕಳನ್ನೂ ಮುದುಕರನ್ನೂ ಎಬ್ಬಿಸಿ ಗುಡ್ಡದ ಶಾಲೆಗೆ ನಡೆಯಿರಿ. ಬಾಗಿಲು ತೆರೆದಿದೆ, ನಮ್ಮ ಅತ್ತೆ ಅಲ್ಲಿದ್ದಾರೆ, ಹಾಸಲು ಜಾಗ ಮಾಡಿಕೊಡುತ್ತಾರೆ.

ನಾಳೆ ಏನೂ ಆಗದಿದ್ದರೆ ನಮ್ಮ ಗೇಟಿಗೆ ಬಂದು ನಗಿ, ನಾನೇ ಚಹಾ ಕೊಡುತ್ತೇನೆ. ಆದರೆ ಲಾರಿಗೆ ಮೂರು ಗಂಟೆ ದಾರಿ ಇದೆ, ಈಗ ಹನ್ನೊಂದೂ ನಲವತ್ತು. ಬೆಳಗಾಗುವುದರೊಳಗೆ, ದಯವಿಟ್ಟು, ಕೈ ಮುಗಿಯುತ್ತೇನೆ, ಒಂದು ಫೋನು ಮಾಡಿ. ಈ ಹಾಳೆಯನ್ನು ಮಡಚಿಡುವ ಮೊದಲೇ ಮಾಡಿ.